ದತ್ತಾಂಶ ಸಂಯೋಜನೆ: ಯಾರ ಕೆಲಸ, ಯಾರ ಹೊಣೆ?

ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಓದುವ ಹುಡುಗಿಯೊಬ್ಬಳ ಹೆಸರು ಲಕ್ಷ್ಮೀ ಎಂದಿಟ್ಟುಕೊಳ್ಳೋಣ. ಶಾಲೆಯ ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರು ಕನ್ನಡದಲ್ಲಿರುವುದು. ಊರಿನಲ್ಲಿ ಮಾಡಿಸಿದ ಜನನಪತ್ರದಲ್ಲಿ 'ಕ್ಷ' ಎಂಬುದನ್ನು ಇಂಗ್ಲಿಷಿನ ಕೆ, ಎಸ್, ಎಚ್ ಎಂಬ ಮೂರು ಅಕ್ಷರಗಳಿಂದ ಬರೆದಿದ್ದರೆ, ಇಲ್ಲಿ ಮಾಡಿಸಿದ ರೇಷನ್ ಕಾರ್ಡಿನಲ್ಲಿ ಎಕ್ಸ್ ಎಂಬ ಒಂದೇ ಅಕ್ಷರದಿಂದ ಬರೆದಿರುವರು. ಊರಿನ ರೂಢಿಯಂತೆ ಆಕೆಯ ಹೆಸರಿಗೆ ಒಂದೆರಡು ಇನಿಷಿಯಲ್ಲುಗಳು ಸಾಕು. ಮಹಾರಾಷ್ಟ್ರದ ಫಾರಮ್ಮುಗಳಾದರೋ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು ಈ ಮೂರನ್ನೂ ಕೇಳುತ್ತವೆ. ನಮ್ಮ ಕಣ್ಣಿಗೆ ಇವಳು ಒಬ್ಬಳೇ ಹುಡುಗಿ. ಗಣಕಯಂತ್ರದ ಪಾಲಿಗೆ ಮೂವರು.

ಹೀಗೆ ಬೇರೆ ಬೇರೆ ಕಡೆಗಳಲ್ಲಿ, ಬೇರೆ ಬೇರೆ ರೂಪಗಳಲ್ಲಿ ಬರೆದಿಟ್ಟ ಮಾಹಿತಿಯನ್ನು ಒಂದೆಡೆ ಕೂಡಿಸುವ ಕಾರ್ಯಕ್ಕೆ ದತ್ತಾಂಶ ಸಂಯೋಜನೆ, ಎಂದರೆ ಡೇಟಾ ಇಂಟಿಗ್ರೇಷನ್, ಎಂದು ಹೆಸರು. ಬ್ಯಾಂಕು, ಆಸ್ಪತ್ರೆ, ವಿಮಾ ಸಂಸ್ಥೆ, ಸರಕಾರಿ ಇಲಾಖೆ ಇವುಗಳಲ್ಲಿ ಯಾವುದೂ ಇಂದು ಇದಿಲ್ಲದೆ ನಡೆಯಲಾರದು. ಇದಕ್ಕಾಗಿ ಇನ್ಫರ್ಮ್ಯಾಟಿಕಾ, ಟಾಲೆಂಡ್ ಮೊದಲಾದ ಸಾಫ್ಟ್‌ವೇರುಗಳಿವೆ. ಅವು ಮಾಡುವ ಕೆಲಸವನ್ನು ಮೂರು ಮಾತಿನಲ್ಲಿ ಹೇಳಬಹುದು: ಮೂಲದಿಂದ ತೆಗೆಯುವುದು, ಬೇಕಾದ ರೂಪಕ್ಕೆ ತಿರುಗಿಸುವುದು, ಗುರಿಯಲ್ಲಿ ತುಂಬುವುದು. ಯಂತ್ರವು ಇದನ್ನು ಅತಿ ವೇಗವಾಗಿ ಮಾಡುವುದು ನಿಜ. ಆದರೆ ತಾನು ಹೊತ್ತು ತಂದುದರ ಅರ್ಥವೇನೆಂಬುದು ಅದಕ್ಕೆ ತಿಳಿಯದು. ಆ ಅರ್ಥಕ್ಕೆ ಹೊಣೆಯಾಗುವವರು ಮನುಷ್ಯರು. ಅವರು ಯಾರು ಯಾರೆಂಬುದನ್ನು ಇಲ್ಲಿ ವಿಚಾರ ಮಾಡುವೆವು.

ಮೊದಲನೆಯವರು ಮೂಲ ಮಾಹಿತಿಯ ಒಡೆಯರು. ಆಸ್ಪತ್ರೆಯ ದಾಖಲೆಗೆ ಆಸ್ಪತ್ರೆ, ಶಾಲೆಯ ದಾಖಲೆಗೆ ಶಾಲೆ. ತಾವು ಕೊಡುವುದು ಏನು, ಎಷ್ಟು ಎಂಬುದನ್ನು ಹೇಳತಕ್ಕವರು ಇವರೇ. ಎರಡನೆಯವರು ಡೆವಲಪರುಗಳು. ಮೂಲದ ಯಾವ ಅಂಕಣವು ಗುರಿಯ ಯಾವ ಅಂಕಣಕ್ಕೆ ಸೇರಬೇಕೆಂಬ ಹೊಂದಿಕೆಯನ್ನು ಇವರು ರಚಿಸುವರು. ಅದಕ್ಕೆ ಮ್ಯಾಪಿಂಗ್ ಎಂದು ಹೆಸರು. ಕೆಲಸ ಸುಲಭವೆಂದು ತೋರುವುದುಂಟು. ಆದರೆ 03-04 ಎಂಬ ತಾರೀಖನ್ನು ನೋಡಿರಿ: ನಮ್ಮ ದೇಶದಲ್ಲಿ ಅದು ಏಪ್ರಿಲ್ 3, ಅಮೆರಿಕದಲ್ಲಿ ಮಾರ್ಚ್ 4. ಯಂತ್ರವು ಎರಡನ್ನೂ ತಪ್ಪಿಲ್ಲವೆಂದು ಸ್ವೀಕರಿಸುವುದು. ಇಂತಹ ತಪ್ಪು ಸದ್ದು ಮಾಡುವುದಿಲ್ಲವಾದುದರಿಂದ ಡೆವಲಪರನು ಮೊದಲೇ ಕೇಳಿ ತಿಳಿಯಬೇಕು. ಮೂರನೆಯವರಾದ ಅಡ್ಮಿನಿಸ್ಟ್ರೇಟರು ಯಾರಿಗೆ ಯಾವ ಕೋಣೆಯ ಬೀಗದ ಕೈ ಕೊಡಬೇಕು, ಯಂತ್ರದಲ್ಲಿ ಎಷ್ಟು ಸ್ಥಳವಿದೆ, ಹಳತಾದುದನ್ನು ಎಂದು ಬದಲಿಸಬೇಕು ಎಂಬುದನ್ನು ನೋಡಿಕೊಳ್ಳುವರು.

ಆಪರೇಟರನ ಕೆಲಸವನ್ನು ಕೀಳಾಗಿ ಕಾಣುವವರಿದ್ದಾರೆ; ನಮ್ಮ ಅಭಿಪ್ರಾಯದಲ್ಲಿ ಅದು ದೊಡ್ಡ ತಪ್ಪು. ರಾತ್ರಿಯೆಲ್ಲಾ ಸಾಗಿ ಬಂದ ಮಾಹಿತಿ ಬೆಳಗಿನ ಹೊತ್ತಿಗೆ ಪೂರ್ತಿಯಾಗಿ ಸೇರಿತೇ ಎಂದು ನೋಡುವವನು ಆತನು. ಇದಕ್ಕೆ ಆತನ ಕೈಯಲ್ಲಿರುವ ಉಪಾಯವು ನಮ್ಮ ಅಂಗಡಿಕಾರರಿಗೂ ಗೊತ್ತಿರುವಂಥದೇ: ಹೊರಟ ಮೂಟೆಗಳೆಷ್ಟು, ಬಂದ ಮೂಟೆಗಳೆಷ್ಟು ಎಂದು ಎಣಿಸಿ ತಾಳೆ ನೋಡುವುದು. ಹೊರಟ ಸಾಲುಗಳು ಹತ್ತು ಸಾವಿರ, ಸೇರಿದವು ಒಂಬತ್ತು ಸಾವಿರದ ಎಂಟುನೂರು, ತಪ್ಪಿದೆಯೆಂದು ಬೇರೆ ತೆಗೆದಿಟ್ಟವು ಇನ್ನೂರು ಎಂದಾದರೆ ಲೆಕ್ಕ ಸರಿಹೋಯಿತು. ಆ ಇನ್ನೂರನ್ನು ಏನು ಮಾಡಬೇಕು? ಅಲ್ಲಿಗೆ ಡೇಟಾ ಸ್ಟುವರ್ಡ್ ಎಂಬ ಐದನೆಯವರು ಬರುವರು. ಮಾಹಿತಿಯ ಶುದ್ಧಿಯನ್ನು ಕಾಯುವವರು ಇವರು. ಎರಡು ದಾಖಲೆಗಳ ಲಕ್ಷ್ಮಿಯರು ಒಬ್ಬಳೋ ಇಬ್ಬರೋ ಎಂಬ ತೀರ್ಮಾನ ಇವರದು. ಒಬ್ಬಳನ್ನು ಇಬ್ಬರೆಂದರೆ ವಿದ್ಯಾರ್ಥಿವೇತನ ಎರಡು ಸಲ ಹೋದೀತು. ಇಬ್ಬರನ್ನು ಒಬ್ಬಳೆಂದರೆ ಒಬ್ಬಳಿಗೆ ಏನೂ ದೊರೆಯದು. ಜನ್ಮದಿನ, ತಾಯಿಯ ಹೆಸರು, ವಿಳಾಸ ಎಲ್ಲವನ್ನೂ ನೋಡಿ, ಅನುಮಾನವಿದ್ದರೆ ಶಾಲೆಯನ್ನೇ ಕೇಳಿ, ಆಮೇಲೆ ನಿರ್ಣಯಿಸಬೇಕಾದುದು.

ಈ ಹೊಣೆಗಳ ನಡುವೆ ಸಂದು ಬಿದ್ದರೆ ಏನಾಗುವುದೆಂಬುದಕ್ಕೆ 2020ರಲ್ಲಿ ಇಂಗ್ಲೆಂಡಿನಲ್ಲಿ ನಡೆದುದು ಉದಾಹರಣೆ. ಕೋವಿಡ್ ರೋಗದ ಪರೀಕ್ಷೆಗಳ ಫಲವನ್ನು ಪ್ರಯೋಗಶಾಲೆಗಳು ಕಡತಗಳಾಗಿ ಕಳುಹಿಸುತ್ತಿದ್ದವು. ಅಂದಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಅವುಗಳನ್ನು ಎಕ್ಸೆಲ್ ಹಾಳೆಗಳಿಗೆ ತಾನಾಗಿಯೇ ತುಂಬುವ ಏರ್ಪಾಡು ಮಾಡಿತ್ತು. ಅಲ್ಲಿಂದ ಮಾಹಿತಿ ಕೇಂದ್ರ ಉಗ್ರಾಣಕ್ಕೂ, ರೋಗಿಗಳ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಸಿಬ್ಬಂದಿಗೂ ಹೋಗಬೇಕು. ಆದರೆ ಆ ಹಾಳೆಗಳು ಹಳೆಯ ಮಾದರಿಯವು. ಅವುಗಳಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಗಣಿತ ಬಲ್ಲ ವಿದ್ಯಾರ್ಥಿಗಳು ಇದು ಎರಡರ ಹದಿನಾರನೆಯ ಘಾತವೆಂದು ಗುರುತಿಸುವರು; 2007ರಿಂದ ಬಂದ ಹೊಸ ಮಾದರಿಯಲ್ಲಿ ಎರಡರ ಇಪ್ಪತ್ತನೆಯ ಘಾತ, ಎಂದರೆ 10,48,576 ಸಾಲುಗಳುಂಟು. ಒಬ್ಬೊಬ್ಬ ರೋಗಿಗೂ ಹಲವು ಸಾಲುಗಳು ಬೇಕಾಗುತ್ತಿದ್ದುದರಿಂದ ಒಂದು ಹಾಳೆಗೆ ಸುಮಾರು 1,400 ರೋಗಿಗಳೇ ಹಿಡಿಯುತ್ತಿದ್ದರು. ರೋಗ ಹೆಚ್ಚಿತು, ಹಾಳೆ ತುಂಬಿತು, ಮಿಕ್ಕ ಸಾಲುಗಳು ಬಿದ್ದುಹೋದವು.

ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ವರೆಗೆ ಹೀಗೆ ಬಿಟ್ಟುಹೋದ ರೋಗಿಗಳ ಸಂಖ್ಯೆ 15,841. ರೋಗಿಗಳಿಗೇನೋ ತಮ್ಮ ಫಲ ತಿಳಿದಿತ್ತು. ಅವರೊಡನೆ ಊಟ ಮಾಡಿದವರಿಗೆ, ಪಕ್ಕದಲ್ಲಿ ಕುಳಿತು ಕೆಲಸ ಮಾಡಿದವರಿಗೆ ಎಚ್ಚರಿಕೆ ಹೇಳಬೇಕಾದ ಸಿಬ್ಬಂದಿಗೆ ಮಾತ್ರ ತಿಳಿದಿರಲಿಲ್ಲ. ಸಾಂಕ್ರಾಮಿಕ ರೋಗದಲ್ಲಿ ಒಂದೊಂದು ದಿನದ ಬೆಲೆ ಎಷ್ಟೆಂಬುದನ್ನು ಆ ವರ್ಷವನ್ನು ಕಂಡ ಯಾರಿಗೂ ನಾವು ಹೇಳಬೇಕಾದುದಿಲ್ಲ.

ಆ ಕಛೇರಿಯೊಳಗೆ ಯಾರು ಏನು ಮಾಡಿದರೆಂದು ಹುಡುಕುವುದು ನಮ್ಮ ಉದ್ದೇಶವಲ್ಲ. ಆದರೆ ಪಾಠವಾಗಿ ಓದುವಾಗ ಒಂದು ಸಂಗತಿ ಎದ್ದು ಕಾಣುವುದು. ಪ್ರಯೋಗಶಾಲೆಯ ಕಡತ ಸರಿಯಾಗಿತ್ತು. ಎಕ್ಸೆಲ್ ಕೂಡ ತನ್ನ ನಿಯಮದಂತೆಯೇ ನಡೆಯಿತು. ತಪ್ಪಿದುದು ಎರಡರ ನಡುವಣ ದಾರಿಯಲ್ಲಿ. ಹೊರಟ ಸಾಲುಗಳನ್ನೂ ಸೇರಿದ ಸಾಲುಗಳನ್ನೂ ದಿನಕ್ಕೊಮ್ಮೆ ತಾಳೆ ನೋಡಿದ್ದರೆ ಮೊದಲನೆಯ ದಿನವೇ ವ್ಯತ್ಯಾಸ ಸಿಕ್ಕುತ್ತಿತ್ತು. ಅದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ, ಕೂಡುವುದು ಕಳೆಯುವುದು ಬಂದರೆ ಸಾಕು. ಹಾಳೆಯ ಮಿತಿಯನ್ನು ಅರಿತು ರೋಗದ ಏರಿಕೆಯೊಡನೆ ಹೋಲಿಸಬೇಕಾದುದು ಡೆವಲಪರನ ಮತ್ತು ಅಡ್ಮಿನಿಸ್ಟ್ರೇಟರರ ಪಾಲು. ಆ ಹಳೆಯ ವ್ಯವಸ್ಥೆಯನ್ನು ಬದಲಿಸಬೇಕೆಂದು ಜುಲೈಯಲ್ಲಿಯೇ ತೀರ್ಮಾನವಾಗಿತ್ತೆಂದು ಆರೋಗ್ಯ ಸಚಿವರು ಪಾರ್ಲಿಮೆಂಟಿನಲ್ಲಿ ಹೇಳಿದರು. ತೀರ್ಮಾನಕ್ಕೂ ಕಾರ್ಯಕ್ಕೂ ನಡುವೆ ರೋಗವು ಕಾದು ಕುಳಿತಿರಲಿಲ್ಲ. ಕೂಡಲೇ ಮಾಡಿದ ಪರಿಹಾರವೂ ಸರಳವಾದುದೇ: ದೊಡ್ಡ ಕಡತವನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಒಡೆದು ಹೆಚ್ಚು ಹಾಳೆಗಳಲ್ಲಿ ತುಂಬಿದರು.

ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಈ ವೃತ್ತಿಗೆ ಹೋದಾರು. ಆದರೆ ಇದರ ಮೊದಲನೆಯ ಅಭ್ಯಾಸವನ್ನು ಇಂದೇ ಮನೆಯಲ್ಲಿ ಮಾಡಬಹುದು. ನಿಮ್ಮ ಜನನಪತ್ರ, ಆಧಾರ್ ಕಾರ್ಡು, ರೇಷನ್ ಕಾರ್ಡು, ಶಾಲೆಯ ಗುರುತಿನ ಚೀಟಿ ಇವುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಹೆಸರನ್ನೂ ಹುಟ್ಟಿದ ತಾರೀಖನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿರಿ. ನಿಮ್ಮ ಮಾಹಿತಿಯ ಒಡೆಯರು ನೀವೇ ಅಲ್ಲವೇ? ಭೇದ ಕಂಡರೆ ತಂದೆತಾಯಿಗಳೊಡನೆ ಶಾಲೆಯ ಕಛೇರಿಗೆ ಬಂದು ತಿಳಿಸಿರಿ. ಹತ್ತನೆಯ ತರಗತಿಯವರಂತೂ ಪರೀಕ್ಷೆಯ ಫಾರಮ್ಮು ತುಂಬುವ ಮೊದಲೇ ಈ ಕೆಲಸ ಮುಗಿಸತಕ್ಕದ್ದು. ಶಾಲೆ ಬಿಟ್ಟ ಮೇಲೆ ಜನರಲ್ ರಿಜಿಸ್ಟರಿನಲ್ಲಿ ಒಂದು ಅಕ್ಷರವನ್ನು ತಿದ್ದಿಸಲು ಬಹಳ ಅಲೆಯಬೇಕಾಗುವುದು.