ಲೋಳೆಸರದ ಎಲೆ ಕೆಂಪಾದರೆ ಗಿಡ ಕೀಳಬೇಡ್ರಿ



ವನದುರ್ಗದ ಕಡೆ ಬೇಸಿಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಅಂಗಳದ ಲೋಳೆಸರದ ಎಲೆ ಕೆಂಪಗೆ, ಕಂದು ಬಣ್ಣಕ್ಕೆ ತಿರುಗುತ್ತದೆ. ‘ರೋಗ ಬಂತು’ ಅಂತ ಕೆಲವರು ಗಿಡ ಕಿತ್ತು ತಿಪ್ಪೆಗೆ ಎಸೆಯುತ್ತಾರೆ. ಇನ್ನು ಕೆಲವರು ದಿನಾಲೂ ಕೊಡ ನೀರು ಸುರಿದು ಬೇರು ಕೊಳೆಸುತ್ತಾರೆ. ಎರಡೂ ಬೇಡ.

ಬಣ್ಣ ಯಾಕೆ ಬದಲಾಗುತ್ತದೆ?

ಲೋಳೆಸರದ ಮೂಲ ಅರಬಸ್ತಾನದ ಒಣ ಗುಡ್ಡಗಳು. ಎಲೆಯ ಲೋಳೆಯಲ್ಲಿ ನೀರು ಕೂಡಿಟ್ಟು ಅದು ಬದುಕುತ್ತದೆ. ಬಿಸಿಲು ಹೆಚ್ಚಾದಾಗ, ನೀರು ಕಡಿಮೆಯಾದಾಗ, ಚಳಿ ಬಿದ್ದಾಗ ಎಲೆಯಲ್ಲಿ ಕೆಂಪು ಬಣ್ಣದ ವಸ್ತು ಹುಟ್ಟುತ್ತದೆ. ಗಜ್ಜರಿಗೆ ಬಣ್ಣ ಕೊಡುವ ವಸ್ತುವಿನ ಬಳಗವೇ ಇದು. ನಾವು ಬಿಸಿಲಿಗೆ ತಲೆ ಮೇಲೆ ಸೆರಗು ಹೊದ್ದುಕೊಂಡ ಹಾಗೆ ಗಿಡ ತನ್ನನ್ನು ತಾನು ಕಾಯ್ದುಕೊಳ್ಳುತ್ತದೆ. ಮಳೆಗಾಲ ಬಂದರೆ, ಇಲ್ಲವೇ ತುಸು ನೆರಳು ಸಿಕ್ಕರೆ, ಕೆಲವು ವಾರಗಳಲ್ಲಿ ಮತ್ತೆ ಹಸಿರಾಗುತ್ತದೆ.

ಎಲೆ ಮುಟ್ಟಿ ನೋಡ್ರಿ

1. ಕೆಂಪಗಿದ್ದರೂ ದಪ್ಪ, ಗಟ್ಟಿ: ಗಿಡ ಆರೋಗ್ಯವಾಗಿದೆ. ಏನೂ ಮಾಡಬೇಡಿ.
2. ತೆಳ್ಳಗಾಗಿ ಒಳಕ್ಕೆ ಮಡಚಿದೆ: ಬಾಯಾರಿದೆ. ಒಮ್ಮೆ ಚೆನ್ನಾಗಿ ನೀರು ಹಾಕಿ, ಮಣ್ಣು ಪೂರಾ ಒಣಗುವವರೆಗೆ ಕಾಯಿರಿ.
3. ಹಳದಿ, ಮೆತ್ತಗೆ: ನೀರು ಹೆಚ್ಚಾಗಿದೆ. ಗಿಡ ಕಿತ್ತು ಕೊಳೆತ ಬೇರು ಕತ್ತರಿಸಿ, ಮೂರ್ನಾಲ್ಕು ದಿನ ನೆರಳಲ್ಲಿ ಆರಿಸಿ, ಒಣ ಮಣ್ಣಿನಲ್ಲಿ ಮತ್ತೆ ನೆಡಿ.
4. ಉದ್ದ, ಪೇಲವ: ಬೆಳಕು ಸಾಲದು. ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ, ಆ ಕಲೆ ಹೋಗುವುದಿಲ್ಲ. ಹತ್ತು ಹದಿನೈದು ದಿನ ಸ್ವಲ್ಪ ಸ್ವಲ್ಪವೇ ಬಿಸಿಲು ತೋರಿಸಿ.
5. ಮರಿಗಿಡದ ಮೇಲೆ ಬಿಳಿ ಚುಕ್ಕೆ: ಅದು ಹುಟ್ಟುಗುಣ, ರೋಗವಲ್ಲ.

ನಮ್ಮ ಮಣ್ಣಿಗೆ ಏನು ಮಾಡಬೇಕು?

ಎರೆಮಣ್ಣು ನೀರು ಹಿಡಿದಿಡುತ್ತದೆ, ಬೇರಿಗೆ ಅದೇ ಅಪಾಯ. ಮಸಾರಿ ಮಣ್ಣಿಗೆ ಅಷ್ಟೇ ಉಸುಕು ಬೆರೆಸಿ, ಏರು ಮಡಿ ಮಾಡಿ ನೆಡಿ. ಡಬ್ಬಿಯಲ್ಲಿ ನೆಟ್ಟರೆ ತಳಕ್ಕೆ ತೂತು ಇರಲಿ.

ಮಾರಾಟಕ್ಕೆ ಬೆಳೆಸುವವರು ಮೊದಲೇ ಯೋಚಿಸಿ. ಲೋಳೆಗಾಗಿ ಎಲೆ ಮಾರುವುದಾದರೆ ಮಧ್ಯಾಹ್ನದ ನೆರಳು ಕೊಟ್ಟು ಹಸಿರಾಗಿ, ದಪ್ಪಗೆ ಬೆಳೆಸಿ. ಅಂದದ ಕುಂಡ ಮಾರುವುದಾದರೆ ಕೆಂಪೇ ಚೆಂದ. ಅದಕ್ಕೆ ಬೆಳಗಿನ ಬಿಸಿಲು ಹೆಚ್ಚು, ನೀರು ಗೊಬ್ಬರ ಕಡಿಮೆ. ಎಲೆ ಕೊಯ್ದಾಗ ಸೋರುವ ಹಳದಿ ಹಾಲು ಭೇದಿ ಮಾಡಿಸುತ್ತದೆ. ಅದನ್ನು ಪೂರಾ ಸೋರಲು ಬಿಡಿ. ಗರ್ಭಿಣಿಯರು ಲೋಳೆಸರ ತಿನ್ನಬಾರದು.

ಮಾಡಿ ನೋಡಿ: ಒಂದೇ ತಾಯಿಗಿಡದ ಎರಡು ಮರಿಗಳನ್ನು ಬೇರೂರಿದ ಮೇಲೆ ಒಂದನ್ನು ಬಿಸಿಲಲ್ಲಿ, ಒಂದನ್ನು ನೆರಳಲ್ಲಿ ಇಡಿ. ತಿಂಗಳಾದ ಮೇಲೆ ಎರಡನ್ನೂ ಸಂಘದ ಸಭೆಗೆ ತಂದು ಪಕ್ಕಪಕ್ಕ ಇಟ್ಟು ಮಾತಾಡೋಣ.