ಭಂಡಾರದ ಕಾವಲು: ಗಣಕಯಂತ್ರದಲ್ಲಿ ಕಡ್ಡಾಯ ಪ್ರವೇಶ ನಿಯಂತ್ರಣ

ಗ್ರಂಥಭಂಡಾರಕ್ಕೆ ಎರಡು ಧರ್ಮಗಳುಂಟು. ಬೇಡಿ ಬಂದವನಿಗೆ ಗ್ರಂಥವನ್ನು ದೊರಕಿಸಿಕೊಡುವುದು ಮೊದಲನೆಯದು. ಇರುವ ಗ್ರಂಥವನ್ನು ಒಂದಕ್ಷರವೂ ಕೆಡದಂತೆ ಮುಂದಿನ ತಲೆಮಾರಿಗೆ ಒಪ್ಪಿಸುವುದು ಎರಡನೆಯದು. ಬೀಗ ಜಡಿದು ಮರೆತ ಓಲೆಗರಿ ಗೆದ್ದಲಿಗೆ ಆಹಾರವಾಗುತ್ತದೆ. ಕಾವಲಿಲ್ಲದೆ ಬಿಟ್ಟ ಓಲೆಗರಿ ಕೈಯಿಂದ ಕೈಗೆ ಸಾಗಿ ಕಾಣದಾಗುತ್ತದೆ. ಡಾ. ಫ. ಗು. ಹಳಕಟ್ಟಿಯವರು ಮನೆಮಠಗಳಲ್ಲಿ ಅಡಗಿದ್ದ ಕಟ್ಟುಗಳನ್ನು ಹುಡುಕಿ ತೆಗೆದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚಿಗೆ ತಂದದ್ದು ಮೊದಲನೆಯ ಧರ್ಮದ ಮಹತ್ಕಾರ್ಯ. ಎರಡನೆಯ ಧರ್ಮವು ಇಂದು ಹೊಸ ರೂಪದಲ್ಲಿ ಎದುರು ನಿಂತಿದೆ. ಓಲೆಗರಿಯ ಛಾಯಾಚಿತ್ರವೂ, ಶಾಲೆಯ ದಾಖಲೆಯೂ, ವಿದ್ಯಾರ್ಥಿಯ ಪ್ರಬಂಧವೂ ಈಗ ಸರ್ವರ್ ಎಂಬ ಗಣಕಯಂತ್ರದಲ್ಲಿ ಸಂಗ್ರಹಗೊಳ್ಳುತ್ತಿವೆ. ಆ ಭಂಡಾರದ ಬಾಗಿಲಲ್ಲಿ ಯಾರನ್ನು ನಿಲ್ಲಿಸಬೇಕು, ಅವನಿಗೆ ಯಾವ ಆಜ್ಞೆಯನ್ನು ಕೊಡಬೇಕು ಎಂಬುದೇ ಪ್ರಸ್ತುತ ಪಾಠದ ವಿಷಯ.

ಎರಡು ಬಗೆಯ ನಿಯಂತ್ರಣ

ಗಣಕಯಂತ್ರದಲ್ಲಿ ಪ್ರವೇಶ ನಿಯಂತ್ರಣವು ಎರಡು ಬಗೆ: ಐಚ್ಛಿಕ ಮತ್ತು ಕಡ್ಡಾಯ. ಐಚ್ಛಿಕ ನಿಯಂತ್ರಣದಲ್ಲಿ ಕಡತದ ಒಡೆಯನೇ ಪ್ರಭು. ಯಾರು ಓದಬೇಕು, ಯಾರು ತಿದ್ದಬೇಕು ಎಂಬುದನ್ನು ಅವನ ಇಚ್ಛೆ ನಿರ್ಧರಿಸುತ್ತದೆ. ಇದರಲ್ಲಿ ಎರಡು ದೋಷಗಳಿವೆ. ಒಡೆಯನು ಅಜಾಗರೂಕತೆಯಿಂದ ಎಲ್ಲರಿಗೂ ಬಾಗಿಲು ತೆರೆದರೆ ತಡೆಯುವವರಿಲ್ಲ. ಅದಕ್ಕಿಂತ ದೊಡ್ಡ ದೋಷವೆಂದರೆ, ಅವನ ಹೆಸರಿನಲ್ಲಿ ನಡೆಯುವ ಪ್ರತಿಯೊಂದು ಪ್ರೋಗ್ರಾಮಿಗೂ ಅವನ ಸರ್ವಾಧಿಕಾರವು ತಾನಾಗಿಯೇ ಬರುತ್ತದೆ. ಪ್ರೋಗ್ರಾಮು ಮೋಸಹೋದರೆ ಒಡೆಯನ ಸರ್ವಸ್ವವೂ ಮೋಸಹೋದಂತೆ.

ಕಡ್ಡಾಯ ನಿಯಂತ್ರಣದಲ್ಲಿ ನಿಯಮವು ವ್ಯಕ್ತಿಯ ಇಚ್ಛೆಯಿಂದ ಹೊರಗೆ, ವ್ಯವಸ್ಥೆಯ ತಳಹದಿಯಲ್ಲಿಯೇ ಬರೆಯಲ್ಪಟ್ಟಿರುತ್ತದೆ. ಕಡತದ ಒಡೆಯನು ಅದನ್ನು ಸಡಿಲಿಸಲಾರನು. ಸರ್ವಾಧಿಕಾರದಿಂದ ನಡೆಯುವ ಸೇವೆಯೂ ತನಗೆ ನಿಯಮಿಸಿದ ಕಾರ್ಯಕ್ಷೇತ್ರವನ್ನು ದಾಟಲಾರದು.

ಈ ಭೇದವು ಕರ್ನಾಟಕದ ರೈತರಿಗೆ ಅಪರಿಚಿತವಲ್ಲ. ಪಹಣಿ, ಅಂದರೆ ಈ ಭಾಗದವರ ಮಾತಿನ ಉತಾರವು, ಹಿಂದೆ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿರುತ್ತಿತ್ತು. ಪುಸ್ತಕ ಯಾರ ವಶದಲ್ಲಿತ್ತೋ ಅವರ ಸಚ್ಚಾರಿತ್ರ್ಯವೇ ಅದಕ್ಕೆ ಕಾವಲು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ತಂದಿತು. ಆಗ ದಾಖಲೆಯನ್ನು ತೆರೆಯುವ ಅಧಿಕಾರಿಯು ತನ್ನ ಬೆರಳಚ್ಚಿನಿಂದ ಗುರುತು ಕೊಡಬೇಕಾಯಿತು. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ವಿಲೇವಾರಿಯಾಗಬೇಕಾಯಿತು. ಸರದಿಯನ್ನು ಮೀರುವ ಸ್ವಾತಂತ್ರ್ಯವನ್ನು ಯಂತ್ರವು ಕೊಡಲಿಲ್ಲ. ತಾಂತ್ರಿಕವಾಗಿ ‘ಭೂಮಿ’ಯ ರಚನೆ ಬೇರೆ, ಆದರೆ ಇಚ್ಛೆಯ ಸ್ಥಾನದಲ್ಲಿ ನಿಯಮವನ್ನು ಕೂರಿಸುವ ತತ್ತ್ವವು ಒಂದೇ.

ತತ್ತ್ವದ ಇತಿಹಾಸ

ಅಮೆರಿಕದ ಮೈಟರ್ ಸಂಸ್ಥೆಯ ಬೆಲ್ ಮತ್ತು ಲಾಪಡುಲಾ ಎಂಬ ವಿದ್ವಾಂಸರು 1973ರಲ್ಲಿ ಈ ತತ್ತ್ವಕ್ಕೆ ಗಣಿತದ ರೂಪ ಕೊಟ್ಟರು. ಕೆಳಗಿನ ಮಟ್ಟದವನು ಮೇಲಿನ ರಹಸ್ಯವನ್ನು ಓದಬಾರದು, ಮೇಲಿನವನು ರಹಸ್ಯವನ್ನು ಕೆಳಗಿನ ಕಡತಕ್ಕೆ ಬರೆಯಬಾರದು ಎಂಬುದು ಅದರ ಸಾರ. ಆ ದೇಶದ ರಾಷ್ಟ್ರೀಯ ಭದ್ರತಾ ಸಂಸ್ಥೆಯು 2000ದ ಡಿಸೆಂಬರಿನಲ್ಲಿ ಎಸ್‌ಇಲಿನಕ್ಸ್ ಎಂಬ ವ್ಯವಸ್ಥೆಯನ್ನು ಸಾರ್ವಜನಿಕರಿಗೆ ಮುಕ್ತವಾಗಿ ನೀಡಿತು. 2003ರಲ್ಲಿ ಅದು ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲಿ ಸೇರಿತು. 2014ರ ಆಂಡ್ರಾಯ್ಡ್ 5.0ರಿಂದೀಚೆಗೆ ಆಂಡ್ರಾಯ್ಡ್ ದೂರವಾಣಿಗಳಲ್ಲಿಯೂ ಇದೇ ಕಾವಲುಗಾರನು ಪೂರ್ಣ ಅಧಿಕಾರದಿಂದ ನಿಂತಿದ್ದಾನೆ. ಎಂದರೆ ವಿದ್ಯಾರ್ಥಿಯ ಜೇಬಿನಲ್ಲಿಯೂ ಇವನಿದ್ದಾನೆ, ಕಾಣುವುದಿಲ್ಲ, ಅಷ್ಟೆ.

ಲಾಂಛನವೇ ಆಧಾರ

ಎಸ್‌ಇಲಿನಕ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಡತಕ್ಕೂ, ನಡೆಯುತ್ತಿರುವ ಪ್ರತಿಯೊಂದು ಪ್ರೋಗ್ರಾಮಿಗೂ ಒಂದು ಲೇಬಲ್ ಇರುತ್ತದೆ. ಅದನ್ನು ಕನ್ನಡದಲ್ಲಿ ಲಾಂಛನವೆನ್ನಬಹುದು. ಯಾವ ಲಾಂಛನದ ಪ್ರೋಗ್ರಾಮು ಯಾವ ಲಾಂಛನದ ಕಡತವನ್ನು ಏನು ಮಾಡಬಹುದು ಎಂಬುದು ನಿಯಮಾವಳಿಯಲ್ಲಿ ನಮೂದಾಗಿರುತ್ತದೆ. ನಮೂದಾಗದಿದ್ದುದೆಲ್ಲವೂ ನಿಷಿದ್ಧ. ಮೊದಲು ಐಚ್ಛಿಕ ಪರೀಕ್ಷೆ, ಅದರಲ್ಲಿ ತೇರ್ಗಡೆಯಾದರೆ ಮಾತ್ರ ಕಡ್ಡಾಯ ಪರೀಕ್ಷೆ. ಎರಡೂ ಒಪ್ಪಿದರೆ ಬಾಗಿಲು ತೆರೆಯುತ್ತದೆ.

ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂತಹ ಊರಿನ ಒಂದು ಶಾಲೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅಲ್ಲಿಯ ಸರ್ವರಿನಲ್ಲಿ ಎರಡು ಫೋಲ್ಡರುಗಳು: ಓಲೆಗರಿಯ ಛಾಯಾಚಿತ್ರಗಳಿರುವ ‘ಭಂಡಾರ’ ಮತ್ತು ವಿದ್ಯಾರ್ಥಿಗಳು ಬರೆದಿಡುವ ‘ಅಭ್ಯಾಸ’. ಇವನ್ನು ಕೊಠಡಿಯ ಇತರ ಗಣಕಯಂತ್ರಗಳಿಗೆ ಹಂಚಲು ಸಾಂಬಾ ಎಂಬ ಸಂಗ್ರಹಸೇವೆಯಿದೆ. ಸಾಂಬಾ ಎಂಬ ಹೆಸರಿಗೂ ಸಾಂಬಶಿವನಿಗೂ ಸಂಬಂಧವಿಲ್ಲ. 1992ರಲ್ಲಿ ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ ಆರಂಭಿಸಿದ ಪ್ರೋಗ್ರಾಮು ಅದು. ವ್ಯವಸ್ಥಾಪಕನು ಮಾಡತಕ್ಕ ಕ್ರಮ ಹೀಗಿದೆ.

ಒಂದನೆಯದು, ಸ್ಥಿತಿಯನ್ನು ಅರಿಯುವುದು. ‘ಸೆಸ್ಟೇಟಸ್’ ಎಂಬ ಆದೇಶವು ಕಾವಲುಗಾರನ ಸ್ಥಿತಿಯನ್ನು ಹೇಳುತ್ತದೆ. ಅವನ ಅವಸ್ಥೆಗಳು ಮೂರು: ತಪ್ಪನ್ನು ತಡೆದು ಬರೆದಿಡುವುದು, ತಡೆಯದೆ ಬರೆದಿಡುವುದು ಮಾತ್ರ, ಸಂಪೂರ್ಣ ನಿದ್ರೆ. ಎರಡನೆಯದು ಪರೀಕ್ಷೆಯ ಕಾಲಕ್ಕೆ ಸಲ್ಲುತ್ತದೆ. ಕೆಲಸದ ಸರ್ವರಿನಲ್ಲಿ ಮೊದಲನೆಯದೇ ಇರಬೇಕು.

ಎರಡನೆಯದು, ಲಾಂಛನವನ್ನು ಕೊಡುವುದು. ಹೊಸ ಫೋಲ್ಡರಿಗೆ ಅದು ಹುಟ್ಟಿದ ಸ್ಥಳದ ಲಾಂಛನವೇ ಸಾಮಾನ್ಯವಾಗಿ ಬರುವುದರಿಂದ ಸಾಂಬಾ ಅದನ್ನು ಮುಟ್ಟಲಾರದು. ‘ಅಭ್ಯಾಸ’ಕ್ಕೆ ‘ಸಾಂಬಾ ಷೇರ್ ಟಿ’ ಎಂಬ ಲಾಂಛನ ತಕ್ಕದ್ದು. ಅದರಿಂದ ಸಾಂಬಾ ಓದಲೂಬಹುದು, ಬರೆಯಲೂಬಹುದು. ‘ಭಂಡಾರ’ಕ್ಕೆ ‘ಪಬ್ಲಿಕ್ ಕಂಟೆಂಟ್ ಟಿ’ ಎಂಬುದು ಶ್ರೇಷ್ಠ. ಅದರಿಂದ ಸಾಂಬಾಕ್ಕೆ ದೊರೆಯುವುದು ಓದುವ ಹಕ್ಕು ಮಾತ್ರ. ನಾಳೆ ಯಾರೋ ಸಾಂಬಾದ ಸ್ವಂತ ಪಟ್ಟಿಯಲ್ಲಿ ಕೈತಪ್ಪಿನಿಂದ ‘ಬರೆಯಬಹುದು’ ಎಂದು ನಮೂದಿಸಿದರೂ ಓಲೆಗರಿಯ ಚಿತ್ರವು ಸುರಕ್ಷಿತವಾಗಿಯೇ ಉಳಿಯುತ್ತದೆ.

ಮೂರನೆಯದು, ಅದನ್ನು ಸ್ಥಿರಗೊಳಿಸುವುದು. ‘ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್’ ಎಂಬ ಆದೇಶದಿಂದ ಫೋಲ್ಡರಿಗೂ ಅದರೊಳಗಿನ ಎಲ್ಲಕ್ಕೂ ಇಂತಹ ಲಾಂಛನವೆಂದು ನಿಯಮಪಟ್ಟಿಯಲ್ಲಿ ಬರೆಸಬೇಕು; ಬಳಿಕ ‘ರಿಸ್ಟೋರ್‌ಕಾನ್’ ಎಂಬುದರಿಂದ ಆ ಪಟ್ಟಿಯನ್ನು ಕಡತಗಳ ಮೇಲೆ ಜಾರಿಗೊಳಿಸಬೇಕು. ‘ಸಿಎಚ್‌ಕಾನ್’ ಎಂಬ ಸುಲಭೋಪಾಯವೂ ಉಂಟು. ಆದರೆ ಅದು ಪಟ್ಟಿಯಲ್ಲಿ ಬರೆಯದೆ ಲಾಂಛನವನ್ನು ಮಾತ್ರ ಬದಲಿಸುವುದರಿಂದ, ಮುಂದೆ ವ್ಯವಸ್ಥೆಗೆ ಮರುಲಾಂಛನ ಮಾಡಿದ ದಿನ ಅಳಿಸಿಹೋಗುತ್ತದೆ.

ನಾಲ್ಕನೆಯದು, ಸ್ಥಳಾಂತರದ ಎಚ್ಚರ. ಒಂದು ಕಡತವನ್ನು ನಕಲು ಮಾಡಿದರೆ ನಕಲಿಗೆ ಹೊಸ ಮನೆಯ ಲಾಂಛನ ಬರುತ್ತದೆ. ಎತ್ತಿ ಸಾಗಿಸಿದರೆ ಅದು ಹಳೆಯ ಮನೆಯ ಲಾಂಛನವನ್ನು ಹೊತ್ತುಕೊಂಡೇ ಬರುತ್ತದೆ. ಗುರುಗಳು ತಮ್ಮ ಸ್ವಂತ ಫೋಲ್ಡರಿನಿಂದ ಚಿತ್ರಗಳನ್ನು ‘ಭಂಡಾರ’ಕ್ಕೆ ಸಾಗಿಸಿದ ಮೇಲೆ ಅವು ವಿದ್ಯಾರ್ಥಿಗಳಿಗೆ ಕಾಣದೆ ಹೋಗುವುದಕ್ಕೆ ಇದೇ ಕಾರಣ. ‘ರಿಸ್ಟೋರ್‌ಕಾನ್’ ಒಮ್ಮೆ ನಡೆಸಿದರೆ ಸಾಕು.

ಕಾವಲುಗಾರನನ್ನು ಕಳುಹಿಸುವ ಮೋಹ

ಬಹುಜನರು ಎಡವುವುದು ಇಲ್ಲಿಯೇ. ಪಾಠದ ಹೊತ್ತು ಮೀರುತ್ತಿರುತ್ತದೆ, ಫೋಲ್ಡರು ತೆರೆಯುವುದಿಲ್ಲ, ವಿದ್ಯಾರ್ಥಿಗಳು ಕಾಯುತ್ತಿರುತ್ತಾರೆ. ಎಸ್‌ಇಲಿನಕ್ಸನ್ನು ನಿಲ್ಲಿಸಿದೊಡನೆ ಎಲ್ಲವೂ ಸರಿಹೋಗುತ್ತದೆ. ಹೀಗೆ ಒಮ್ಮೆ ನಿಲ್ಲಿಸಿದ ಕಾವಲನ್ನು ಮತ್ತೆ ಇಡುವವರು ವಿರಳ. ಸಾಂಬಾಕ್ಕೆ ಸಮಸ್ತ ಕಡತಗಳ ಮೇಲೂ ಬರೆಯುವ ಹಕ್ಕು ಕೊಡುವ ಒಂದು ಸ್ವಿಚ್ಚೂ ಇದೆ. ಅದನ್ನು ಒತ್ತುವುದು ಒಂದು ಕೋಣೆಯ ಬೀಗದ ಕೈ ಕಾಣದೆಂದು ಮನೆಯ ಎಲ್ಲ ಬಾಗಿಲುಗಳನ್ನೂ ಕಿತ್ತಿಡುವಂತೆ. ನಿರಾಕರಣೆಯಾದಾಗ ಮಾಡತಕ್ಕದ್ದು ಇಷ್ಟೇ: ಕಾವಲುಗಾರನ ದಿನಚರಿಯನ್ನು ಓದುವುದು. ಯಾವ ಪ್ರೋಗ್ರಾಮು, ಯಾವ ಕಡತ, ಯಾವ ಲಾಂಛನ, ಯಾವ ಕ್ರಿಯೆ ಎಂಬುದನ್ನೆಲ್ಲ ಅವನು ಆಡಿಟ್ ದಾಖಲೆಯಲ್ಲಿ ಬರೆದಿರುತ್ತಾನೆ. ಬಹುಪಾಲು ಸಂದರ್ಭಗಳಲ್ಲಿ ತಪ್ಪಿರುವುದು ಲಾಂಛನದಲ್ಲಿ, ನಿಯಮದಲ್ಲಿ ಅಲ್ಲ.

ಇದರ ಬೆಲೆಯನ್ನು 2017ರ ಮೇ ತಿಂಗಳು ತೋರಿಸಿಕೊಟ್ಟಿತು. ಸಾಂಬಾದ 3.5.0 ಆವೃತ್ತಿಯಿಂದ, ಎಂದರೆ 2010ರಿಂದ, ಒಂದು ದೋಷವು ಯಾರ ಕಣ್ಣಿಗೂ ಬೀಳದೆ ಉಳಿದಿತ್ತೆಂಬುದು ಆಗ ಪ್ರಕಟವಾಯಿತು. ಬರೆಯಲು ಅನುಮತಿಯಿರುವ ಫೋಲ್ಡರಿನಲ್ಲಿ ದುಷ್ಟನೊಬ್ಬನು ತನ್ನ ಪ್ರೋಗ್ರಾಮಿನ ತುಣುಕನ್ನು ಇಟ್ಟು, ಸಾಂಬಾ ಅದನ್ನು ತನ್ನದೇ ಅಂಗವೆಂದು ತಿಳಿದು ನಡೆಸುವಂತೆ ಮಾಡಬಹುದಾಗಿತ್ತು. ಮೇಲಿನ ಉದಾಹರಣೆಯ ‘ಅಭ್ಯಾಸ’ದಂತಹ ಫೋಲ್ಡರು ಅದಕ್ಕೆ ಸಾಕಾಗಿತ್ತು. ಐಚ್ಛಿಕ ನಿಯಂತ್ರಣವೊಂದೇ ಇದ್ದ ಕಡೆ ಇದನ್ನು ತಡೆಯುವ ಬಲವಿರಲಿಲ್ಲ. ಆದರೆ ರೆಡ್ ಹ್ಯಾಟ್ ಲಿನಕ್ಸಿನಲ್ಲಿ ಎಸ್‌ಇಲಿನಕ್ಸ್ ಎಚ್ಚತ್ತಿದ್ದಲ್ಲಿ, ಸಾಂಬಾವು ತನ್ನ ಅಂಗಗಳ ನಿಯತಸ್ಥಾನದ ಹೊರಗಿನ ತುಣುಕನ್ನು ಸೇರಿಸಿಕೊಳ್ಳಲು ಮೂಲನಿಯಮವೇ ಆಸ್ಪದ ಕೊಡಲಿಲ್ಲ. ದೋಷವು ಪತ್ತೆಯಾಗುವ ಮೊದಲೇ ಕಾವಲು ಸಿದ್ಧವಾಗಿತ್ತು. ‘ತೊಂದರೆ ಕೊಡುತ್ತದೆ’ ಎಂದು ಅದನ್ನು ನಿಲ್ಲಿಸಿದ್ದವರಿಗೆ ಈ ರಕ್ಷಣೆ ದೊರೆಯಲಿಲ್ಲ.

ಕಾವಲಿನ ಮಿತಿ

ಇಷ್ಟರಿಂದ ಕಡ್ಡಾಯ ನಿಯಂತ್ರಣವು ಸರ್ವರಕ್ಷಕವೆಂದು ತಿಳಿಯಬಾರದು. ಬರೆಯುವ ಹಕ್ಕುಳ್ಳ ವಿದ್ಯಾರ್ಥಿಯು ತನ್ನ ಪ್ರಬಂಧವನ್ನು ತಾನೇ ಅಳಿಸಿದರೆ ಅದು ತಡೆಯದು. ಡಿಸ್ಕು ಕೆಟ್ಟರೆ ಅದು ಮರಳಿ ಕೊಡದು; ಅದಕ್ಕೆ ಬೇರೆಡೆ ಇಟ್ಟ ಪ್ರತಿಯೇ ಬೇಕು. ದೋಷಗಳನ್ನು ತಿದ್ದಿದ ಹೊಸ ಆವೃತ್ತಿಯನ್ನು ಕಾಲಕಾಲಕ್ಕೆ ಹಾಕಿಕೊಳ್ಳುವ ಹೊಣೆಯೂ ತಪ್ಪದು. ನಿಯಮವನ್ನು ಬದಲಿಸುವ ಅಧಿಕಾರವು ವ್ಯವಸ್ಥಾಪಕನಲ್ಲಿಯೇ ಇರುವುದರಿಂದ, ಕೊನೆಗೆ ಎಲ್ಲವೂ ಅವನ ಶ್ರದ್ಧೆಯನ್ನೇ ಅವಲಂಬಿಸುತ್ತದೆ.

ಲಾಂಛನವನ್ನು ಧರಿಸಿದವನ ನಡೆಯು ಲಾಂಛನಕ್ಕೆ ಒಪ್ಪಬೇಕೆಂದು ಶರಣರು ಆಗ್ರಹಪಡಿಸಿದರು. ಯಂತ್ರವು ಲಾಂಛನವನ್ನೂ ಅದಕ್ಕೆ ನಿಯಮಿಸಿದ ನಡೆಯನ್ನೂ ಜೊತೆಯಾಗಿಯೇ ಪರೀಕ್ಷಿಸಬಲ್ಲುದು. ಯಾವುದಕ್ಕೆ ಯಾವ ಲಾಂಛನವೆಂಬ ವಿವೇಕ ಮಾತ್ರ ಮನುಷ್ಯನದು. ನಾಳೆ ಇಂತಹ ಭಂಡಾರಗಳ ಕೀಲಿಕೈ ಇಂದಿನ ವಿದ್ಯಾರ್ಥಿಗಳ ಕೈಗೆ ಬರಲಿದೆ. ಅವಸರದ ಗಳಿಗೆಯಲ್ಲಿ ಕಾವಲುಗಾರನನ್ನು ಮನೆಗೆ ಕಳುಹಿಸದೆ, ಅವನು ಬರೆದಿಟ್ಟುದನ್ನು ಓದುವ ತಾಳ್ಮೆಯೊಂದು ಅವರಲ್ಲಿ ನೆಲೆಸಿದರೆ, ತಲೆಮಾರುಗಳಿಂದ ಉಳಿದು ಬಂದ ಓಲೆಗರಿಗಳು ಮುಂದೆಯೂ ಉಳಿದಾವು.