ಬೈಕ್ ಮಾರಬೇಕೆ, ಹಟ ಬಿಡಬೇಕೆ?

ಪ್ರಶ್ನೆ: ನನಗೆ 56 ವರ್ಷ. ಭಾನುವಾರ ಬಂತೆಂದರೆ ಹಳೆಯ ಯೆಜ್ಡಿ ಏರಿ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಸುತ್ತುತ್ತೇನೆ. ಈಗ ಎಡಮಂಡಿ ನೋವು. ‘ಮಾರಿಬಿಡಿ’ ಎನ್ನುತ್ತಾಳೆ ಹೆಂಡತಿ. ಏನು ಮಾಡಲಿ?
– ಓದುಗರು, ಹುಣಸೂರು

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಯೆಜ್ಡಿ ನಮ್ಮ ಮೈಸೂರಿನಲ್ಲೇ ತಯಾರಾದ ಬೈಕು. 1996ರಲ್ಲಿ ಆ ಕಾರ್ಖಾನೆ ಮುಚ್ಚಿದ ಮೇಲೆ ಅದರ ಮೇಲಿನ ಮಮತೆ ಇನ್ನೂ ಹೆಚ್ಚಿತು. ಆದರೆ ಅದರ ಕಿಕ್ಕರ್, ಗೇರ್ ಎರಡೂ ಒಂದೇ ಲಿವರ್. ಎಡಗಾಲಿಗೇ ಪೂರ್ತಿ ಕೆಲಸ. ಮೊದಲು ಮೂಳೆ ವೈದ್ಯರಿಗೆ ಮಂಡಿ ತೋರಿಸಿ. ಅವರು ಬೇಡವೆಂದರೆ ವಾದ ಬೇಡ.

ಒಪ್ಪಿದರೆ ಮೂರು ತಿಂಗಳು ಹತ್ತಿರದ ದಾರಿಗಳಲ್ಲಷ್ಟೇ ಓಡಿಸಿ, ಬೆಳಕಿರುವಾಗಲೇ ಮನೆ ಸೇರಿ. ಕೋಟೆಯಿಂದ ಬಾವಲಿ ಕಡೆಗಿನ ಕಾಡುದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿಷೇಧವಿದೆ, ಆನೆಗಳು ರಸ್ತೆ ದಾಟುತ್ತವೆ. ನೋವಿರುವ ಕಾಲಿನಲ್ಲಿ ಅಲ್ಲಿಗೆ ಒಂಟಿಯಾಗಿ ಹೋಗಬೇಡಿ.

ನಿಮ್ಮ ಮನೆಯವರ ಮಾತಿನಲ್ಲಿರುವುದು ಬೈಕಿನ ಮೇಲಿನ ಸಿಟ್ಟಲ್ಲ, ನಿಮ್ಮ ಬಗೆಗಿನ ಭಯ. ಕೂತು ಕೇಳಿಸಿಕೊಳ್ಳಿ. ಓಡಿಸುವುದು ನಿಂತರೂ ಗಾಡಿ ಮಾರಲೇಬೇಕೆಂದಿಲ್ಲ. ಒರೆಸಿ, ರಿಪೇರಿ ಮಾಡಿ, ಆಸಕ್ತಿಯ ಹುಡುಗರಿಗೆ ಕಲಿಸಿ. ಹವ್ಯಾಸ ರೂಪ ಬದಲಿಸಿದರೆ ಸೋಲಲ್ಲ.